ಗೆದ್ದ ಪಕ್ಷದಲ್ಲಿದ್ದೂ ಊರಿಗೆ ಮರಳದವರು: ರಿಷಾರ್ಡ್ ಕಚೊರೊವ್‌ಸ್ಕಿ ಅವರ ಬದುಕಿನ ಬಗ್ಗೆ ಒಂದು ಪ್ರಶ್ನೆ

ಮಲಪ್ರಭಾ (ಪ್ರಶ್ನೆ)

2010ರ ಏಪ್ರಿಲ್ 10ರಂದು ರಷ್ಯದ ಸ್ಮೊಲೆನ್ಸ್ಕ್ ಬಳಿ ಪೋಲೆಂಡಿನ ಸರ್ಕಾರಿ ವಿಮಾನ ಬಿದ್ದು 96 ಮಂದಿ ಸತ್ತ ಸುದ್ದಿ ಇಲ್ಲಿ ಹಲವರಿಗೆ ನೆನಪಿರಬಹುದು. ಆ ಮೃತರ ಪಟ್ಟಿಯನ್ನು ಈಚೆಗೆ ನೋಡುತ್ತಿದ್ದಾಗ, ಅಧಿಕಾರದಲ್ಲಿದ್ದ ಅಧ್ಯಕ್ಷ ಲೆಕ್ ಕಚಿನ್‌ಸ್ಕಿ ಅವರ ಹೆಸರಿನೊಂದಿಗೆ ಮತ್ತೊಬ್ಬ ಅಧ್ಯಕ್ಷರ ಹೆಸರೂ ಕಣ್ಣಿಗೆ ಬಿತ್ತು. ರಿಷಾರ್ಡ್ ಕಚೊರೊವ್‌ಸ್ಕಿ, ವಯಸ್ಸು 90, ಎರಡನೆಯ ಮಹಾಯುದ್ಧದಲ್ಲಿ ದೇಶ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ ಪೋಲಿಷ್ ದೇಶಭ್ರಷ್ಟ ಸರ್ಕಾರದ ಕೊನೆಯ ಅಧ್ಯಕ್ಷರು. ಅವರು ಬದುಕಿನ ಬಹುಪಾಲನ್ನು ಲಂಡನ್ನಿನಲ್ಲಿ ಕಳೆದವರೆಂದೂ, ಹೊಟ್ಟೆಪಾಡಿಗೆ ಅಕೌಂಟೆಂಟ್ ಕೆಲಸ ಮಾಡಿದವರೆಂದೂ, ಅಲ್ಲಿಯೇ ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದವರೆಂದೂ ಓದಿದೆ. ಲೆಕ್ಕಪುಸ್ತಕ ನೋಡಿಕೊಂಡಿದ್ದ ಸಂಸಾರಿಯೊಬ್ಬರು ಇನ್ನೊಂದು ದೇಶದ ಅಧ್ಯಕ್ಷರೂ ಆಗಿದ್ದರು ಎಂಬುದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ನನ್ನ ಪ್ರಶ್ನೆಗಳು ಹೀಗಿವೆ. ಯುದ್ಧ ಆರಂಭವಾದಾಗ ಪೋಲೆಂಡಿನ ಪೂರ್ವ ಭಾಗದ ಬಿಯಾಲಿಸ್ಟಾಕ್ ನಗರದಲ್ಲಿದ್ದ ಹುಡುಗ ಲಂಡನ್ನಿಗೆ ಬಂದದ್ದು ಯಾವ ದಾರಿಯಿಂದ? ಪೋಲೆಂಡ್ ಗೆದ್ದ ಪಕ್ಷದಲ್ಲಿಯೇ ಇತ್ತಲ್ಲ, 1945ರಲ್ಲಿ ಅವರು ಊರಿಗೆ ಏಕೆ ಮರಳಲಿಲ್ಲ? ಪೂರ್ವ ಪೋಲೆಂಡ್ ಸೋವಿಯತ್ ಒಕ್ಕೂಟದ ಪಾಲಾದದ್ದೇ ಇದಕ್ಕೆ ಕಾರಣವೆಂದು ಭಾವಿಸಬಹುದೇ? ಕೊಲ್ಲಾಪುರದ ಹತ್ತಿರ ಪೋಲಿಷ್ ನಿರಾಶ್ರಿತರ ಶಿಬಿರವಿತ್ತೆಂದು ನಮ್ಮ ಬೆಳಗಾವಿ ಕಡೆಯ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಆ ಜನರಿಗೂ ಇವರಿಗೂ ಏನಾದರೂ ಸಂಬಂಧವಿದೆಯೇ? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹಳೆಯ ಭೂಪಟ

ದಾರಿಯಿಂದ ಆರಂಭಿಸುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳಿಗೆ ಉತ್ತರಗಳು ಬಹುಮಟ್ಟಿಗೆ ಆ ದಾರಿಯಲ್ಲಿಯೇ ಸಿಗುತ್ತವೆ.

ಕಚೊರೊವ್‌ಸ್ಕಿ ಹುಟ್ಟಿದ್ದು 1919ರ ನವೆಂಬರ್ 26ರಂದು, ಬಿಯಾಲಿಸ್ಟಾಕ್ ನಗರದಲ್ಲಿ. ಅಲ್ಲಿಯೇ ವಾಣಿಜ್ಯ ಶಾಲೆಯಲ್ಲಿ ಓದಿದರು, ಸ್ಕೌಟ್ ಚಳವಳಿಯಲ್ಲಿ ತರಬೇತುದಾರರಾದರು. 1939ರ ಸೆಪ್ಟೆಂಬರ್ 1ರಂದು ಜರ್ಮನಿ ಪಶ್ಚಿಮದಿಂದಲೂ, ಅದೇ ತಿಂಗಳ 17ರಂದು ಸೋವಿಯತ್ ಸೇನೆ ಪೂರ್ವದಿಂದಲೂ ಪೋಲೆಂಡನ್ನು ಹೊಕ್ಕವು. ಬಿಯಾಲಿಸ್ಟಾಕ್ ಸೋವಿಯತ್ ಪಾಲಿಗೆ ಬಂದು ಬೆಲರೂಸಿಗೆ ಸೇರಿಸಲ್ಪಟ್ಟಿತು. ಪೋಲಿಷ್ ಸ್ಕೌಟ್ ಸಂಘಟನೆಗೆ ನಿಷೇಧ ಬಿದ್ದಾಗ ಆ ಹುಡುಗರು ಅದನ್ನು ಭೂಗತವಾಗಿ ಮುಂದುವರಿಸಿದರು. ಆ ಪ್ರದೇಶದ ಭೂಗತ ಸ್ಕೌಟುಗಳ ಹೊಣೆ ಹೊತ್ತವರಲ್ಲಿ ಇಪ್ಪತ್ತರ ಪ್ರಾಯದ ಕಚೊರೊವ್‌ಸ್ಕಿ ಒಬ್ಬರು. 1940ರ ಜುಲೈನಲ್ಲಿ ಸೋವಿಯತ್ ಗುಪ್ತ ಪೊಲೀಸರು ಅವರನ್ನು ಬಂಧಿಸಿದರು, 1941ರ ಆರಂಭದಲ್ಲಿ ನ್ಯಾಯಾಲಯ ಮರಣದಂಡನೆ ವಿಧಿಸಿತು. ಸುಮಾರು ನೂರು ದಿನ ಗಲ್ಲಿನ ಕೈದಿಗಳ ಕೋಣೆಯಲ್ಲಿ ಕಳೆದ ಮೇಲೆ ಆ ಶಿಕ್ಷೆ ಹತ್ತು ವರ್ಷಗಳ ಶ್ರಮಶಿಬಿರವಾಗಿ ಬದಲಾಯಿತು. ಅವರನ್ನು ಕಳಿಸಿದ್ದು ಸೈಬೀರಿಯದ ಈಶಾನ್ಯದ ತುದಿಯ ಕೊಲಿಮಾಕ್ಕೆ, ಚಿನ್ನದ ಗಣಿಗಳಿಗೂ ಅಲ್ಲಿ ಸತ್ತ ಕೈದಿಗಳ ಸಂಖ್ಯೆಗೂ ಕುಖ್ಯಾತವಾದ ಸೀಮೆಗೆ.

ಅವರನ್ನು ಉಳಿಸಿದ್ದು ಯಾರ ಕರುಣೆಯೂ ಅಲ್ಲ, ಯುದ್ಧದ ಲೆಕ್ಕಾಚಾರ ತಲೆಕೆಳಗಾದದ್ದು. 1941ರ ಜೂನ್ 22ರಂದು ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದ. ನಿನ್ನೆಯವರೆಗೆ ಪೋಲೆಂಡನ್ನು ಹಂಚಿಕೊಂಡು ತಿಂದವರಲ್ಲಿ ಒಬ್ಬ ಇನ್ನೊಬ್ಬನ ಮೇಲೆರಗಿದಾಗ, ಸ್ಟಾಲಿನ್‌ಗೆ ಬ್ರಿಟನ್ನಿನ ಸ್ನೇಹ ಬೇಕಾಯಿತು, ಬ್ರಿಟನ್ನಿನ ಆಶ್ರಯದಲ್ಲಿ ಲಂಡನ್ನಿನಲ್ಲಿದ್ದ ಪೋಲಿಷ್ ಸರ್ಕಾರದೊಂದಿಗೆ ರಾಜಿಯೂ ಬೇಕಾಯಿತು. ಪೋಲಿಷ್ ಪ್ರಧಾನಿ ಸಿಕೋರ್ಸ್ಕಿ ಮತ್ತು ಸೋವಿಯತ್ ರಾಯಭಾರಿ ಮೈಸ್ಕಿ ಜುಲೈ 30ರಂದು ಸಹಿ ಹಾಕಿದ ಒಪ್ಪಂದದಂತೆ, ಸೋವಿಯತ್ ನೆಲದಲ್ಲಿದ್ದ ಪೋಲಿಷ್ ಕೈದಿಗಳಿಗೂ ಗಡೀಪಾರಾದವರಿಗೂ 'ಕ್ಷಮಾದಾನ' ಸಿಕ್ಕಿತು. ತಪ್ಪೇ ಮಾಡದವರಿಗೆ ಕ್ಷಮೆ ಎಂಬ ವಿಪರೀತವನ್ನು ಆ ಪೀಳಿಗೆಯ ಪೋಲಿಷರು ಕೊನೆಯವರೆಗೂ ಕಹಿಯಾಗಿಯೇ ನೆನೆಯುತ್ತಿದ್ದರು. ಮಾಸ್ಕೋದ ಸೆರೆಯಲ್ಲಿದ್ದ ಜನರಲ್ ವ್ವಾದಿಸ್ವಾಫ್ ಆಂಡರ್ಸ್ ಬಿಡುಗಡೆಯಾಗಿ ಸೋವಿಯತ್ ನೆಲದಲ್ಲಿಯೇ ಪೋಲಿಷ್ ಸೇನೆ ಕಟ್ಟಲು ತೊಡಗಿದರು. ಶ್ರಮಶಿಬಿರಗಳಿಂದ ಹೊರಬಿದ್ದವರು ಸಾವಿರಾರು ಮೈಲಿ ದೂರದಿಂದ, ಸರಕು ರೈಲುಗಳಲ್ಲಿ, ಕೆಲವರು ಕಾಲ್ನಡಿಗೆಯಲ್ಲಿಯೂ ಆ ಸೇನೆಯನ್ನು ಹುಡುಕಿಕೊಂಡು ಬಂದರು. ಕಚೊರೊವ್‌ಸ್ಕಿ ಬಂದು ಸೇರಿದ್ದು 1942ರ ಮಾರ್ಚ್‌ನಲ್ಲಿ.

ಆ ಸೇನೆ ಸೋವಿಯತ್ ನೆಲದಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಪಡಿತರ ಸಾಲದು, ಟೈಫಸ್ ಹರಡಿತ್ತು, ಸಾವಿರಾರು ಅಧಿಕಾರಿಗಳು ಎಲ್ಲಿ ಹೋದರೆಂಬ ಪ್ರಶ್ನೆಗೆ ಮಾಸ್ಕೋ ಉತ್ತರ ಕೊಡಲಿಲ್ಲ. (ಅವರನ್ನು 1940ರ ವಸಂತದಲ್ಲಿ ಸೋವಿಯತ್ ಗುಪ್ತ ಪೊಲೀಸರು ಸ್ಮೊಲೆನ್ಸ್ಕ್ ಬಳಿಯ ಕಾತಿನ್ ಕಾಡಿನಲ್ಲಿಯೂ ಇತರೆಡೆಗಳಲ್ಲಿಯೂ ಗುಂಡಿಟ್ಟು ಕೊಂದಿದ್ದರೆಂಬುದು ಆಗಿನ್ನೂ ಹೊರಬಿದ್ದಿರಲಿಲ್ಲ.) 1942ರ ಮಾರ್ಚ್‌-ಏಪ್ರಿಲ್‌ನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಮತ್ತೊಮ್ಮೆ, ಕ್ಯಾಸ್ಪಿಯನ್ ಸಮುದ್ರದ ಕ್ರಾಸ್ನೊವೊಡ್ಸ್ಕ್ ಬಂದರಿನಿಂದ ಇರಾನಿನ ಪಹ್ಲವಿಗೆ ಹಡಗುಗಳು ಹೊರಟವು. ಹೀಗೆ ಪಾರಾದವರು ಒಟ್ಟು 1,15,000ದಷ್ಟು ಜನ, ಅವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಹೆಂಗಸರು, ಮಕ್ಕಳು ಮತ್ತು ವೃದ್ಧರು. ಗಡೀಪಾರಾದ ಲಕ್ಷಾಂತರ ಜನರ ಪೈಕಿ ಇದು ಚಿಕ್ಕ ಭಾಗ ಮಾತ್ರ. ಇರಾನಿನ ದಡ ಮುಟ್ಟಿದ ಮೇಲೂ ಜನ ಸಾಯುತ್ತಲೇ ಇದ್ದರು; ತೆಹರಾನಿನ ದುಲಾಬ್ ಸ್ಮಶಾನದಲ್ಲಿ ಸುಮಾರು ಎರಡು ಸಾವಿರ ಪೋಲಿಷರ ಸಮಾಧಿಗಳಿವೆ.

ಅಲ್ಲಿಂದ ಮುಂದೆ ಸೇನೆ ಇರಾಕ್, ಪ್ಯಾಲೆಸ್ಟೈನ್, ಈಜಿಪ್ಟ್ ದಾಟಿ ಇಟಲಿಗೆ ಹೋಯಿತು. ದಾರಿಯಲ್ಲಿ ಸೇನೆಯೇ ಶಾಲೆಗಳನ್ನು ನಡೆಸುತ್ತಿತ್ತು. ಕಚೊರೊವ್‌ಸ್ಕಿ ತಮ್ಮ ಪ್ರೌಢಶಿಕ್ಷಣವನ್ನು ಮುಗಿಸಿದ್ದು ಅಂಥ ಶಾಲೆಯಲ್ಲಿ. 1944ರ ಮೇ ತಿಂಗಳಲ್ಲಿ, ಇಟಲಿಯ ಮೊಂಟೆ ಕಸಿನೊ ಬೆಟ್ಟಕ್ಕಾಗಿ ಈ ಸೇನೆ ಜರ್ಮನರೊಂದಿಗೆ ನಡೆಸಿದ ಕದನದಲ್ಲಿ ಅವರು ಭಾಗವಹಿಸಿದರು. ಯುದ್ಧ ಮುಗಿದ ಮೇಲೆ ಆ ಸೇನೆಯನ್ನು ಬ್ರಿಟನ್ನಿಗೆ ಸಾಗಿಸಲಾಯಿತು. ಬಿಯಾಲಿಸ್ಟಾಕ್‌ನಿಂದ ಲಂಡನ್ನಿಗೆ ನೇರ ದಾರಿ ಒಂದೂವರೆ ಸಾವಿರ ಕಿಲೋಮೀಟರಿಗೆ ತುಸು ಹೆಚ್ಚು. ಅವರು ಹೋದದ್ದು ಪೆಸಿಫಿಕ್ ಸಾಗರದ ಅಂಚನ್ನು ಮುಟ್ಟಿ ತಿರುಗಿ.

ನಿಪ್ಪಾಣಿಯವ

ಕೊಲ್ಲಾಪುರದ ಬಗ್ಗೆ ಕೇಳಿದ್ದೀರಿ. ಸಂಬಂಧ ಇದೆ, ನೀವು ಊಹಿಸಿರುವುದಕ್ಕಿಂತ ಹತ್ತಿರದ್ದೇ ಇದೆ.

ಮೇಲಿನವರು ಹೇಳಿದ ಆ ಮೂರರಲ್ಲೊಂದು ಪಾಲನ್ನು ಎಲ್ಲಿಡಬೇಕೆಂಬುದು ಬ್ರಿಟಿಷರಿಗೆ ದೊಡ್ಡ ತಲೆನೋವಾಯಿತು. ಇವರಲ್ಲಿ ಹೆಚ್ಚಿನವರು 1940ರ ಫೆಬ್ರವರಿ 10ರ ಚಳಿಯಲ್ಲಿ ಮತ್ತು ಆಮೇಲಿನ ಸುತ್ತುಗಳಲ್ಲಿ ಮನೆಯಿಂದ ಎಬ್ಬಿಸಿ ಸರಕು ಡಬ್ಬಿಗಳಲ್ಲಿ ಸೈಬೀರಿಯಕ್ಕೂ ಕಜಾಕಸ್ತಾನಕ್ಕೂ ಸಾಗಿಸಲ್ಪಟ್ಟ ಕುಟುಂಬಗಳು, ಹಲವು ಮಕ್ಕಳು ತಬ್ಬಲಿಗಳು. ಅವರನ್ನು ಲೋಕದ ಮೂಲೆಮೂಲೆಗೆ ಹಂಚಿದರು. ಟಾಂಗನಿಕಾದ (ಇಂದಿನ ಟಾಂಜಾನಿಯ) ಅರೂಶಾ ಬಳಿಯ ತೆಂಗೇರು, ಉಗಾಂಡಾದ ಮಸಿಂಡಿ ಮತ್ತು ಕೋಜಾ, ಮೆಕ್ಸಿಕೊದ ಸಾಂತಾ ರೋಸಾ, ನ್ಯೂಜಿಲೆಂಡಿನ ಪಹಿಯಾಟುವಾ (ಅಲ್ಲಿಗೆ 1944ರಲ್ಲಿ ಹೋದ ಮಕ್ಕಳೇ 733), ಇವೆಲ್ಲ ಆ ಹಂಚಿಕೆಯ ಊರುಗಳು. ನಮ್ಮ ದೇಶದಲ್ಲಿ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಅವರು ಜಾಮನಗರದ ಹತ್ತಿರದ ಬಾಲಾಚಡಿಯಲ್ಲಿ ಮಕ್ಕಳಿಗೆ ನೆಲೆ ಕೊಟ್ಟರು. ಈ ಕಥೆ ಈಗ ಎಲ್ಲರಿಗೂ ಗೊತ್ತು. ಆದರೆ ಭಾರತದ ಅತಿ ದೊಡ್ಡ ಪೋಲಿಷ್ ವಸಾಹತು ಇದ್ದದ್ದು ಬಾಲಾಚಡಿಯಲ್ಲಿ ಅಲ್ಲ. ಮೀರಜ್-ಕೊಲ್ಲಾಪುರ ರೈಲು ಮಾರ್ಗದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು ಐದು ಸಾವಿರ ಜನ ಇದ್ದರು. ಸಾಲುಮನೆಗಳು, ಚರ್ಚು, ಶಾಲೆಗಳು, ಆಸ್ಪತ್ರೆ, ಸಿನಿಮಾ ಎಲ್ಲ ಇದ್ದ ಒಂದು ಪುಟ್ಟ ಪೋಲಿಷ್ ಪಟ್ಟಣವೇ ಅದು. ನಿಪ್ಪಾಣಿಯಿಂದ ಒಂದು ಗಂಟೆಯ ದಾರಿ. ಬೆಳಗಾವಿ ಸೀಮೆಯ ಹಿರಿಯರು ಅವರ ಬಗ್ಗೆ ಮಾತಾಡುವುದರಲ್ಲಿ ಆಶ್ಚರ್ಯವಿಲ್ಲ.

ಕಚೊರೊವ್‌ಸ್ಕಿ ಅವರ ಕಥೆಗೂ ಇದಕ್ಕೂ ಮೂರು ಕಡೆ ಗಂಟು ಬೀಳುತ್ತದೆ. ವಳಿವಡೆಯ ಖರ್ಚನ್ನು ಹೊತ್ತಿದ್ದದ್ದು ಲಂಡನ್ನಿನ ಆ ಪೋಲಿಷ್ ಸರ್ಕಾರವೇ. 1945ರ ಜುಲೈನಲ್ಲಿ ಬ್ರಿಟನ್ ಮತ್ತು ಅಮೆರಿಕ ಆ ಸರ್ಕಾರಕ್ಕೆ ಕೊಟ್ಟಿದ್ದ ಮಾನ್ಯತೆಯನ್ನು ಹಿಂದೆಗೆದುಕೊಂಡಾಗ ಕೊಲ್ಲಾಪುರದ ಪಕ್ಕದ ಹಳ್ಳಿಯೊಂದರಲ್ಲಿ ಐದು ಸಾವಿರ ಜನ ಒಮ್ಮೆಗೇ ಸರ್ಕಾರವಿಲ್ಲದವರಾದರು. ಎರಡನೆಯದು ಸ್ಕೌಟ್ ಚಳವಳಿ. ವಳಿವಡೆಯ ಮಕ್ಕಳಿಗೆ ಸ್ಕೌಟ್ ಶಿಕ್ಷಣ ಕೊಡಲು ಆಂಡರ್ಸ್ ಸೇನೆಯಿಂದ ಬಂದವರು ಜ್ಜಿಸ್ವಾಫ್ ಪೆಶ್ಕೋವ್‌ಸ್ಕಿ. ಕಾತಿನ್ ಹತ್ಯಾಕಾಂಡದಿಂದ ಪಾರಾದ ಕೆಲವೇ ಅಧಿಕಾರಿಗಳಲ್ಲಿ ಅವರೊಬ್ಬರು, ಮುಂದೆ ಪಾದ್ರಿಯಾದರು. ಮೂರನೆಯದು ಕಚೊರೊವ್‌ಸ್ಕಿ ಅವರ ಪತ್ನಿ ಕರೋಲಿನಾ. ಅವರು 1930ರಲ್ಲಿ ಹುಟ್ಟಿದವರು, ಹತ್ತು ವರ್ಷ ತುಂಬುವ ಮೊದಲೇ ತಂದೆತಾಯಿಯರೊಂದಿಗೆ ಸೈಬೀರಿಯಕ್ಕೆ ಗಡೀಪಾರಾದವರು. ಅಲ್ಲಿಂದ ಇರಾನ್, ಇರಾನಿನಿಂದ ಉಗಾಂಡಾ, 1940ರ ದಶಕದ ಕೊನೆಗೆ ಇಂಗ್ಲೆಂಡ್. ಅಂದರೆ ವಳಿವಡೆಯ ಹುಡುಗಿಯರು ಕಂಡದ್ದನ್ನೆಲ್ಲ ಅವರು ಆಫ್ರಿಕದ ಬಿಸಿಲಿನಲ್ಲಿ ಕಂಡಿದ್ದರು. ಮುಂದೆ ಅವರು ಶಿಕ್ಷಕಿಯಾದರು.

ಗಂಡ ಸೈನಿಕರ ದಾರಿಯಲ್ಲಿ, ಹೆಂಡತಿ ನಿರಾಶ್ರಿತ ಮಕ್ಕಳ ದಾರಿಯಲ್ಲಿ ಬಂದು ಇಂಗ್ಲೆಂಡಿನಲ್ಲಿ ಸೇರಿದ ಇಂಥ ಜೋಡಿಗಳು ಆ ಪೀಳಿಗೆಯಲ್ಲಿ ತುಂಬ. 1948ರಲ್ಲಿ ವಳಿವಡೆ ಖಾಲಿಯಾದ ಮೇಲೆ ಆ ಮನೆಗಳಿಗೆ ಬಂದು ಸೇರಿದವರು ದೇಶವಿಭಜನೆಯಲ್ಲಿ ಸಿಂಧ್ ಬಿಟ್ಟು ಬಂದ ನಿರಾಶ್ರಿತರು. ಆ ಜಾಗ ಈಗ ಗಾಂಧಿನಗರ, ಬಟ್ಟೆ ವ್ಯಾಪಾರಕ್ಕೆ ಹೆಸರಾದ ಊರು. ನಮ್ಮ ಕಡೆಯವರು ಮದುವೆ ಜವಳಿಗೆ ಅಲ್ಲಿಗೆ ಹೋಗುತ್ತಾರೆ, ಆ ಓಣಿಗಳನ್ನು ಯಾರಿಗಾಗಿ ಹಾಕಿದ್ದೆಂದು ಕೇಳುವವರು ಕಡಿಮೆ.

ಗಡಿರೇಖೆ

'ಊರು ಸೋವಿಯತ್ ಪಾಲಾಯಿತು, ಆದ್ದರಿಂದ ಮರಳಲಿಲ್ಲ' ಎಂಬ ವಿವರಣೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆಂಡರ್ಸ್ ಸೇನೆಯ ಬಹುಪಾಲು ಸೈನಿಕರ ಮಟ್ಟಿಗೆ ಅದು ಸರಿ. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಚರ್ಚಿಲ್, ರೂಸ್ವೆಲ್ಟ್, ಸ್ಟಾಲಿನ್ ಮೂವರೂ ಒಪ್ಪಿದ ಗಡಿಯಂತೆ ಲ್ವೂಫ್, ವಿಲ್ನೊ ಮೊದಲಾದ ನಗರಗಳು ಪೋಲೆಂಡಿನ ಹೊರಗುಳಿದವು. ಅವು ಇಂದು ಉಕ್ರೇನ್, ಲಿಥುವೇನಿಯ ದೇಶಗಳಲ್ಲಿವೆ. ಮೊಂಟೆ ಕಸಿನೊದಲ್ಲಿ ಸತ್ತವರ ಊರುಗಳ ಬಗ್ಗೆ ಅವರನ್ನು ಕೇಳದೆಯೇ ತೀರ್ಮಾನವಾಗಿತ್ತು. ಆದರೆ ಬಿಯಾಲಿಸ್ಟಾಕ್ ಪೋಲೆಂಡಿಗೆ ಮರಳಿ ಬಂತು, ಇಂದಿಗೂ ಪೋಲೆಂಡಿನಲ್ಲಿಯೇ ಇದೆ. ಕಚೊರೊವ್‌ಸ್ಕಿ ಅವರ ಊರು ಭೂಪಟದಲ್ಲಿ ಸರಿಯಾದ ಕಡೆಗೇ ಇತ್ತು. ಆದ್ದರಿಂದ ಅವರ ವಿಷಯದಲ್ಲಿ ಗಡಿ ಕಾರಣವಲ್ಲ. ಆ ಗಡಿಯ ಒಳಗೆ ಅಧಿಕಾರ ಹಿಡಿದವರು ಯಾರೆಂಬುದು ಕಾರಣ: ಮಾಸ್ಕೋದ ಬೆಂಬಲವಿದ್ದ ಕಮ್ಯುನಿಸ್ಟರು.

1945ರ ಜೂನ್‌ನಲ್ಲಿ ಪೋಲಿಷ್ ಭೂಗತ ಚಳವಳಿಯ ಹದಿನಾರು ಮುಖಂಡರನ್ನು ಮಾಸ್ಕೋದಲ್ಲಿ ವಿಚಾರಣೆಗೆ ನಿಲ್ಲಿಸಲಾಯಿತು. ಜರ್ಮನರ ವಿರುದ್ಧ ಐದು ವರ್ಷ ಹೋರಾಡಿದವರು ಮಿತ್ರರಾಷ್ಟ್ರವೊಂದರ ರಾಜಧಾನಿಯಲ್ಲಿಯೇ ಅಪರಾಧಿಗಳಾದರು. 1946ರ ಸೆಪ್ಟೆಂಬರಿನಲ್ಲಿ ವಾರ್ಸಾದ ಹೊಸ ಸರ್ಕಾರ ಆಂಡರ್ಸ್ ಮತ್ತು ಇತರ 75 ಅಧಿಕಾರಿಗಳ ಪೌರತ್ವವನ್ನೇ ಕಿತ್ತುಕೊಂಡಿತು. ಮರಳಿದವರ ಗತಿ ಏನಾಯಿತೆಂಬುದಕ್ಕೆ ವಿಟೋಲ್ಡ್ ಪಿಲೆಟ್ಸ್ಕಿ ಅವರ ಉದಾಹರಣೆಯೊಂದೇ ಸಾಕು. ಆಶ್ವಿಟ್ಜ್ ಶಿಬಿರದೊಳಗಿನ ಸತ್ಯವನ್ನು ಹೊರಜಗತ್ತಿಗೆ ತಿಳಿಸುವುದಕ್ಕಾಗಿ ತಾವಾಗಿಯೇ ಸೆರೆಸಿಕ್ಕು, ಸುಮಾರು ಎರಡೂವರೆ ವರ್ಷದ ಮೇಲೆ ತಪ್ಪಿಸಿಕೊಂಡು ಬಂದವರು ಅವರು. ಯುದ್ಧ ಮುಗಿದ ಮೇಲೆ ಇಟಲಿಯಲ್ಲಿ ಆಂಡರ್ಸ್ ಸೇನೆಯನ್ನು ಸೇರಿ, ಅಲ್ಲಿಂದ 1945ರ ಕೊನೆಯಲ್ಲಿ ಪೋಲೆಂಡಿಗೆ ಗುಪ್ತವಾಗಿ ಮರಳಿದರು. 1947ರಲ್ಲಿ ಬಂಧನವಾಯಿತು, 1948ರ ಮೇ 25ರಂದು ವಾರ್ಸಾದ ಜೈಲಿನಲ್ಲಿ ಗುಂಡಿಟ್ಟು ಕೊಂದರು. ಒಮ್ಮೆ ಸೋವಿಯತ್ ನ್ಯಾಯಾಲಯದಿಂದ ಮರಣದಂಡನೆ ಪಡೆದಿದ್ದ ಭೂಗತ ಸ್ಕೌಟ್ ನಾಯಕರೊಬ್ಬರು ಇಂಥ ಸುದ್ದಿಗಳನ್ನು ಲಂಡನ್ನಿನಲ್ಲಿ ಓದುತ್ತ ಯಾವ ತೀರ್ಮಾನಕ್ಕೆ ಬಂದಿರಬಹುದು ಎಂಬುದನ್ನು ವಿವರಿಸಬೇಕಿಲ್ಲ.

ಬ್ರಿಟನ್ನಿನ ಸರ್ಕಾರಕ್ಕೂ ಇವರು ಮರಳಿ ಹೋದರೆ ಒಳ್ಳೆಯದೆಂದೇ ಇತ್ತು. ವಿದೇಶಾಂಗ ಸಚಿವ ಅರ್ನೆಸ್ಟ್ ಬೆವಿನ್ 1946ರ ಮಾರ್ಚ್‌ನಲ್ಲಿ ಪ್ರತಿಯೊಬ್ಬ ಪೋಲಿಷ್ ಸೈನಿಕನಿಗೂ ಮರಳುವಂತೆ ಮನವಿ ಹಂಚಿಸಿದರು. ಅದೇ ವರ್ಷದ ಜೂನ್ 8ರಂದು ಲಂಡನ್ನಿನಲ್ಲಿ ವಿಜಯದ ಮೆರವಣಿಗೆ ನಡೆದಾಗ ಆಂಡರ್ಸ್ ಅವರ ಸೈನಿಕರು ಅದರಲ್ಲಿ ಇರಲಿಲ್ಲ. ಮಾಸ್ಕೋ ಬೇಸರಿಸಿಕೊಳ್ಳಬಾರದೆಂಬ ಎಚ್ಚರ ಅದರ ಹಿಂದೆ ಇತ್ತು. ಕೆಲವು ಪೋಲಿಷ್ ವಿಮಾನ ಚಾಲಕರಿಗೆ ಮಾತ್ರ ಆಹ್ವಾನ ಹೋಯಿತು, ಅವರು ಜೊತೆಗಾರರನ್ನು ಬಿಟ್ಟು ಬರಲು ಒಪ್ಪಲಿಲ್ಲ.

ಮಲಪ್ರಭಾ

ಮೂವರಿಗೂ ಕೃತಜ್ಞತೆಗಳು. ಬಿಯಾಲಿಸ್ಟಾಕ್ ಇಂದಿಗೂ ಪೋಲೆಂಡಿನಲ್ಲಿದೆ ಎಂಬ ಅಂಶವೇ ನನ್ನ ಪ್ರಶ್ನೆಯ ದಿಕ್ಕನ್ನು ಬದಲಿಸಿತು. ಹಾಗಾದರೆ ಬ್ರಿಟನ್ನಿನಲ್ಲಿ ಈ ಜನ ಸಂಸಾರ ಹೂಡಿದ್ದು ಹೇಗೆ? ಎರಡು ವರ್ಷದಲ್ಲಿ ಮರಳುತ್ತೇವೆಂದು ನಂಬಿದ್ದರೇ, ಇಲ್ಲವೇ ಇನ್ನು ಇದೇ ಊರು ಎಂದು ನೆಲೆನಿಂತರೇ? ಮಕ್ಕಳನ್ನು ಯಾವ ದೇಶದವರೆಂದು ಬೆಳೆಸಿದರು?

ಯಾರ್ಕ್‌ಷೈರ್ ಕನ್ನಡತಿ

ನಾನಿರುವ ಉತ್ತರ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಪೋಲಿಷ್ ಚರ್ಚುಗಳು, ಕ್ಲಬ್ಬುಗಳು ಈಗಲೂ ಇವೆ. ಆದ್ದರಿಂದ ಈ ಭಾಗವನ್ನು ನಾನು ಬರೆಯುತ್ತೇನೆ.

ಮೊದಲು ಕಾನೂನಿನ ಮಾತು. 1946ರಲ್ಲಿ ಬ್ರಿಟನ್ ಪೋಲಿಷ್ ಪುನರ್ವಸತಿ ದಳವನ್ನು ರಚಿಸಿತು. ಸೈನಿಕರು ಎರಡು ವರ್ಷಗಳ ಮಟ್ಟಿಗೆ ಅದಕ್ಕೆ ಸೇರಿ, ಭಾಷೆ ಮತ್ತು ಕಸುಬು ಕಲಿತು, ನಾಗರಿಕ ಕೆಲಸಗಳಿಗೆ ಹೋಗಬೇಕಿತ್ತು. 1947ರ ಮಾರ್ಚ್‌ನಲ್ಲಿ ಬಂದ ಪೋಲಿಷ್ ಪುನರ್ವಸತಿ ಕಾಯಿದೆ ಅವರಿಗೂ ಅವರ ಕುಟುಂಬಗಳಿಗೂ ನೆಲೆಸುವ ಹಕ್ಕು ಕೊಟ್ಟಿತು. ವಳಿವಡೆ, ತೆಂಗೇರುಗಳಿಂದ ಹೆಂಗಸರು, ಮಕ್ಕಳು ಬಂದು ಸೇರಲು ಸಾಧ್ಯವಾದದ್ದು ಇದರಿಂದಲೇ. 1951ರ ಜನಗಣತಿಯಲ್ಲಿ ಪೋಲೆಂಡಿನಲ್ಲಿ ಹುಟ್ಟಿದವರು 1,62,000ಕ್ಕೂ ಹೆಚ್ಚು ಜನ ಬ್ರಿಟನ್ನಿನಲ್ಲಿದ್ದರು.

ಮೊದಲ ಮನೆಗಳು ಮಾತ್ರ ಮನೆಯೆನಿಸುವಂಥವಾಗಿರಲಿಲ್ಲ. ಯುದ್ಧಕಾಲದ ವಿಮಾನ ನಿಲ್ದಾಣಗಳಲ್ಲಿ, ಖಾಲಿಬಿದ್ದ ಸೈನಿಕ ಆಸ್ಪತ್ರೆಗಳಲ್ಲಿ ಕಬ್ಬಿಣದ ತಗಡನ್ನು ಅರೆವೃತ್ತವಾಗಿ ಬಗ್ಗಿಸಿ ಕಟ್ಟಿದ ಗುಡಿಸಲುಗಳು, ನಡುವೆ ಒಂದು ಒಲೆ, ಕಂಬಳಿ ತೂಗುಹಾಕಿ ಮಾಡಿಕೊಂಡ ಕೋಣೆಗಳು. ಗ್ಲಾಸ್ಟರ್‌ಷೈರಿನ ನಾರ್ತ್‌ವಿಕ್ ಪಾರ್ಕ್, ವೇಲ್ಸಿನ ಪೆನ್ಲಿ, ಡೆವನ್ನಿನ ಇಲ್ಫರ್ಡ್ ಪಾರ್ಕ್ ಅಂಥವು. ಕೆಲವು ಕುಟುಂಬಗಳು ಅಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿದವು. ಗಂಡಸರು ಕಲ್ಲಿದ್ದಲ ಗಣಿಗೆ, ಹೊಲಕ್ಕೆ, ಬಟ್ಟೆ ಗಿರಣಿಗೆ ಹೋದರು. ಪೋಲಿಷರು ಬಂದರೆ ತಮ್ಮ ಕೂಲಿ ಇಳಿಯುತ್ತದೆಂದು ಕಾರ್ಮಿಕ ಸಂಘಗಳು ವಿರೋಧಿಸಿದವು. ಅಧಿಕಾರಿಗಳ ಸ್ಥಿತಿ ಇನ್ನೂ ವಿಚಿತ್ರವಾಗಿತ್ತು. ನಾರ್ಮಂಡಿಯಲ್ಲಿ ಶಸ್ತ್ರಸಜ್ಜಿತ ವಿಭಾಗವನ್ನು ಮುನ್ನಡೆಸಿದ ಜನರಲ್ ಸ್ತಾನಿಸ್ವಾಫ್ ಮಾಚೆಕ್ ಎಡಿನ್‌ಬರೊದ ಹೋಟೆಲೊಂದರಲ್ಲಿ ಮದ್ಯ ಸರಬರಾಜು ಮಾಡುತ್ತಿದ್ದರು. ಆ ಹೋಟೆಲು ಅವರ ಕೈಕೆಳಗೆ ಸೈನಿಕನಾಗಿದ್ದವನದು. ನೆದರ್ಲೆಂಡ್ಸಿನ ಆರ್ನೆಮ್‌ನಲ್ಲಿ ಪ್ಯಾರಾಶೂಟ್ ದಳವನ್ನು ಇಳಿಸಿದ ಜನರಲ್ ಸೊಸಬೋವ್‌ಸ್ಕಿ ಪಶ್ಚಿಮ ಲಂಡನ್ನಿನ ಕಾರ್ಖಾನೆಯೊಂದರಲ್ಲಿ ದುಡಿದರು. ಈ ಹಿನ್ನೆಲೆಯಲ್ಲಿ ನೋಡಿದರೆ, ವಿದೇಶಿ ವ್ಯಾಪಾರದ ವಿಷಯ ಓದಿಕೊಂಡು 1986ರವರೆಗೆ ಅಕೌಂಟೆಂಟ್ ಆಗಿ ದುಡಿದ ಕಚೊರೊವ್‌ಸ್ಕಿ ಅದೃಷ್ಟವಂತರೇ. ವಯಸ್ಸು ಅವರ ಪರವಾಗಿತ್ತು; ಯುದ್ಧ ಮುಗಿದಾಗ ಇನ್ನೂ ಇಪ್ಪತ್ತೈದು.

ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ತಾತ್ಕಾಲಿಕವೋ ಶಾಶ್ವತವೋ ಎಂಬ ಆಯ್ಕೆಯನ್ನು ಈ ಜನ ಮಾಡಲೇ ಇಲ್ಲವೆಂಬುದು ನನ್ನ ಅಭಿಪ್ರಾಯ. ವಾರದ ಐದು ದಿನ ಶಾಶ್ವತದಂತೆ ಬದುಕಿದರು, ಉಳಿದೆರಡು ದಿನ ತಾತ್ಕಾಲಿಕದಂತೆ. ಸಾಲ ಮಾಡಿ ಮನೆ ಕೊಂಡರು, ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದರು. ಶನಿವಾರ ಬಂತೆಂದರೆ ಅದೇ ಮಕ್ಕಳು ಪೋಲಿಷ್ ಶಾಲೆಗೆ ಹೋಗಿ ವ್ಯಾಕರಣ, ಇತಿಹಾಸ, ಭೂಗೋಳ ಕಲಿಯಬೇಕು. ಆ ಭೂಗೋಳದಲ್ಲಿ ಲ್ವೂಫ್ ಇನ್ನೂ ಪೋಲೆಂಡಿನದೇ. 1953ರಲ್ಲಿ ಸ್ಥಾಪನೆಯಾದ ಪೋಲಿಷ್ ಶಿಕ್ಷಣ ಸಂಸ್ಥೆಯೊಂದು ಈ ಶಾಲೆಗಳನ್ನೆಲ್ಲ ಒಂದು ಚೌಕಟ್ಟಿಗೆ ತಂದಿತು. ಭಾನುವಾರ ಪೋಲಿಷ್ ಪಾದ್ರಿಯ ಪೂಜೆ, ಬೇಸಿಗೆಯಲ್ಲಿ ಸ್ಕೌಟ್ ಶಿಬಿರ. ಕಚೊರೊವ್‌ಸ್ಕಿ ಅವರ ನಿಜವಾದ ಕೆಲಸ ಇಲ್ಲಿತ್ತೆಂದು ನನಗನ್ನಿಸುತ್ತದೆ. ಪೋಲೆಂಡಿನ ಹೊರಗಿನ ಪೋಲಿಷ್ ಸ್ಕೌಟ್ ಸಂಘಟನೆಯಲ್ಲಿ ಅವರು ಮೊದಲು ಹುಡುಗರ ವಿಭಾಗದ ಮುಖ್ಯಸ್ಥರಾಗಿ, 1967ರಿಂದ ಎರಡು ದಶಕ ಇಡೀ ಸಂಘಟನೆಯ ಅಧ್ಯಕ್ಷರಾಗಿ ದುಡಿದರು. 1969ರಲ್ಲಿ ಮೊಂಟೆ ಕಸಿನೊದಲ್ಲಿ, ಕದನ ನಡೆದು ಇಪ್ಪತ್ತೈದು ವರ್ಷವಾದಾಗ, ಹಲವು ದೇಶಗಳಲ್ಲಿ ಹುಟ್ಟಿದ ಪೋಲಿಷ್ ಮಕ್ಕಳನ್ನು ಸೇರಿಸಿ ಶಿಬಿರ ನಡೆಸಿದ್ದು ಅವರ ನೇತೃತ್ವದಲ್ಲಿಯೇ. ಪೋಲೆಂಡನ್ನು ಕಣ್ಣಿಂದ ನೋಡದ ಮಕ್ಕಳಿಗೆ ಪೋಲೆಂಡ್ ಎಂಬುದು ಹೀಗೆ ದಕ್ಕುತ್ತಿತ್ತು.

ಇದನ್ನು ಬರಿಯ ಹೊಗಳಿಕೆಯಾಗಿ ಓದಬೇಡಿ. ಶನಿವಾರದ ಆಟವನ್ನೆಲ್ಲ ವ್ಯಾಕರಣಕ್ಕೆ ಕಳೆದುಕೊಂಡ ಮಕ್ಕಳಲ್ಲಿ ಎಷ್ಟೋ ಜನ ದೊಡ್ಡವರಾದ ಮೇಲೆ ಅತ್ತ ಮುಖ ಹಾಕಲಿಲ್ಲ. ಸೈಬೀರಿಯದ ಬಗ್ಗೆ ಮನೆಯಲ್ಲಿ ತುಟಿಬಿಚ್ಚದ ತಂದೆಯರೂ ಇದ್ದರು, ಅದನ್ನು ಬಿಟ್ಟು ಬೇರೇನನ್ನೂ ಮಾತಾಡದ ತಂದೆಯರೂ ಇದ್ದರು, ಎರಡೂ ಮಕ್ಕಳಿಗೆ ಹೊರೆಯೇ. ಹಿರಿಯರ ರಾಜಕೀಯವಂತೂ ಒಡೆದ ಮನೆ: 1954ರಿಂದ 1972ರವರೆಗೆ ಒಂದು ಕಡೆ ಅಧ್ಯಕ್ಷ ಜಲೆಸ್ಕಿ, ಇನ್ನೊಂದು ಕಡೆ ಆಂಡರ್ಸ್ ಅವರಿದ್ದ ಮೂವರ ಮಂಡಲಿ, ಎರಡೂ ತಾವೇ ನಿಜವಾದ ಪೋಲೆಂಡ್ ಎನ್ನುತ್ತಿದ್ದವು. ಜಗತ್ತು ಮಾನ್ಯತೆ ಕೊಡದ ಸರ್ಕಾರದೊಳಗೂ ಎರಡು ಬಣ! ನಮ್ಮ ಕನ್ನಡ ಸಂಘಗಳನ್ನು ಕಂಡವರಿಗೆ ಇದು ಪರಿಚಿತವೇ.

ಹಳೆಯ ಭೂಪಟ

ಅಧ್ಯಕ್ಷ ಪದವಿಯ ಸಂಗತಿ ಉಳಿದಿದೆ, ಅದನ್ನು ಪೂರ್ತಿ ಮಾಡುತ್ತೇನೆ.

ಪೋಲೆಂಡಿನ 1935ರ ಸಂವಿಧಾನದಲ್ಲಿ, ಯುದ್ಧಕಾಲದಲ್ಲಿ ಅಧ್ಯಕ್ಷರು ತಮ್ಮ ಉತ್ತರಾಧಿಕಾರಿಯನ್ನು ತಾವೇ ನೇಮಿಸಬಹುದೆಂಬ ವಿಧಿ ಇತ್ತು. 1939ರ ಸೆಪ್ಟೆಂಬರಿನಲ್ಲಿ ಆ ವಿಧಿಯನ್ನು ಬಳಸಿದ್ದರಿಂದ ಅಧ್ಯಕ್ಷ ಪದವಿ ವಾರ್ಸಾದಿಂದ ಪ್ಯಾರಿಸ್ಸಿಗೆ, ಅಲ್ಲಿಂದ ಲಂಡನ್ನಿಗೆ ಕಾನೂನಿನ ಎಳೆ ಕಡಿಯದಂತೆ ಬಂತು. ಮಾನ್ಯತೆ ಹೋದ ಮೇಲೂ ಈಟನ್ ಪ್ಲೇಸ್‌ನ 43ನೇ ಮನೆಯಲ್ಲಿ ಆ ಸರ್ಕಾರ ಸಭೆ ಸೇರುತ್ತಲೇ ಇತ್ತು. ಸಂಬಳವಿಲ್ಲದ ಮಂತ್ರಿಗಳು ಹಗಲು ತಮ್ಮ ತಮ್ಮ ನೌಕರಿ ಮುಗಿಸಿ ಬರುತ್ತಿದ್ದರು. ನಿವೃತ್ತರಾದ ಮೇಲೆ ಕಚೊರೊವ್‌ಸ್ಕಿ ಅದರಲ್ಲಿ ಮಂತ್ರಿಯಾದರು. 1989ರ ಜುಲೈ 19ರಂದು ಅಧ್ಯಕ್ಷ ಸಬ್ಬಾತ್ ಲಂಡನ್ನಿನಲ್ಲಿ ಹಠಾತ್ತನೆ ತೀರಿಕೊಂಡಾಗ, ಮೊದಲೇ ನೇಮಿತರಾಗಿದ್ದ ಇವರು ಆ ಸ್ಥಾನಕ್ಕೆ ಬಂದರು. ಅದೇ ದಿನ ವಾರ್ಸಾದಲ್ಲಿ ಸಂಸತ್ತು ಜನರಲ್ ಯಾರುಜೆಲ್ಸ್ಕಿಯನ್ನು ಅಧ್ಯಕ್ಷರನ್ನಾಗಿ ಆರಿಸಿತು. ಒಂದೇ ದೇಶಕ್ಕೆ ಒಂದೇ ದಿನ ಇಬ್ಬರು ಅಧ್ಯಕ್ಷರು.

ಹದಿನೇಳು ತಿಂಗಳ ನಂತರ, ಕಮ್ಯುನಿಸ್ಟ್ ಆಡಳಿತವನ್ನು ಎದುರಿಸಿದ್ದ ಕಾರ್ಮಿಕ ನಾಯಕ ಲೆಕ್ ವಲೇಸಾ ಜನರ ನೇರ ಮತದಿಂದ ಗೆದ್ದು ಬಂದ ಮೇಲೆ, 1990ರ ಡಿಸೆಂಬರ್ 22ರಂದು ವಾರ್ಸಾದ ಅರಮನೆಯಲ್ಲಿ ಕಚೊರೊವ್‌ಸ್ಕಿ ಅಧ್ಯಕ್ಷರ ಧ್ವಜವನ್ನೂ ಮುದ್ರೆಗಳನ್ನೂ 1935ರ ಸಂವಿಧಾನದ ಮೂಲಪ್ರತಿಯನ್ನೂ ಅವರಿಗೆ ಒಪ್ಪಿಸಿದರು. ಆ ಸಮಾರಂಭದಲ್ಲಿ ಯಾರುಜೆಲ್ಸ್ಕಿಗೆ ಪಾತ್ರವಿರಲಿಲ್ಲ. ಸ್ವತಂತ್ರ ಪೋಲೆಂಡ್ ತನ್ನ ಅಧಿಕಾರವನ್ನು ಪಡೆದದ್ದು ಲಂಡನ್ನಿನ ಅಕೌಂಟೆಂಟರ ಕೈಯಿಂದಲೇ ಹೊರತು ಕಮ್ಯುನಿಸ್ಟ್ ಜನರಲ್‌ನಿಂದಲ್ಲ ಎಂದು ಸಾರುವುದೇ ಅದರ ಉದ್ದೇಶವಾಗಿತ್ತು.

ಮಲಪ್ರಭಾ ಅವರ ಮೊದಲ ಪ್ರಶ್ನೆಗೆ ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. ಮರಳಲು ಇದ್ದ ಅಡ್ಡಿಯೆಲ್ಲ ಹೋದ ಮೇಲೂ ಕಚೊರೊವ್‌ಸ್ಕಿ ಲಂಡನ್ ಬಿಡಲಿಲ್ಲ. ಮತ್ತೆ ಮತ್ತೆ ಪೋಲೆಂಡಿಗೆ ಹೋದರು, ಬಿಯಾಲಿಸ್ಟಾಕ್ ಅವರನ್ನು ಗೌರವ ಪೌರರನ್ನಾಗಿ ಮಾಡಿತು, ಆದರೆ ಮನೆ ಎಂದು ಮರಳುತ್ತಿದ್ದದ್ದು ಹೆಂಡತಿ, ಮಕ್ಕಳು ಇದ್ದ ಲಂಡನ್ನಿಗೆ. 2010ರಲ್ಲಿ ಅವರು ಹೊರಟಿದ್ದದ್ದು ಕಾತಿನ್ ಹತ್ಯಾಕಾಂಡದ ಎಪ್ಪತ್ತನೆಯ ವರ್ಷದ ಸ್ಮರಣೆಗೆ. ಸತ್ತ ಮೇಲೂ ಕುಟುಂಬದ ಕಷ್ಟ ಮುಗಿಯಲಿಲ್ಲ. ದೇಹಗಳನ್ನು ಗುರುತಿಸುವಾಗ ಅದಲುಬದಲಾಗಿ, ಅವರದೆಂದು ಮಣ್ಣು ಮಾಡಿದ್ದು ಬೇರೊಬ್ಬರ ದೇಹವೆಂದು 2012ರಲ್ಲಿ ತಿಳಿದುಬಂತು. ಸಮಾಧಿ ತೆರೆದು, ಆ ವರ್ಷದ ನವೆಂಬರ್ 3ರಂದು ವಾರ್ಸಾದ ದೈವಕೃಪೆಯ ದೇವಾಲಯದಲ್ಲಿ ಎರಡನೆಯ ಬಾ​ರಿ ಅಂತ್ಯಸಂಸ್ಕಾರ ಮಾಡಬೇಕಾಯಿತು. ಕರೋಲಿನಾ 2021ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ನಿಪ್ಪಾಣಿಯವ

ನೋಡಬೇಕೆನ್ನುವವರಿಗೆ: ಕೊಲ್ಲಾಪುರದ ಮಹಾವೀರ ಉದ್ಯಾನದಲ್ಲಿ ವಳಿವಡೆಯ ಪೋಲಿಷರ ನೆನಪಿನ ಸ್ತಂಭವಿದೆ. ಲಂಡನ್ನಿನಲ್ಲಿರುವವರು ಹ್ಯಾಮರ್‌ಸ್ಮಿತ್‌ನ ಕಿಂಗ್ ಸ್ಟ್ರೀಟಿನ ಪೋಲಿಷ್ ಸಾಂಸ್ಕೃತಿಕ ಕೇಂದ್ರಕ್ಕೂ, ಗನ್ನರ್ಸ್‌ಬರಿ ಸ್ಮಶಾನದಲ್ಲಿ 1976ರಲ್ಲಿ ನಿಲ್ಲಿಸಿದ ಕಾತಿನ್ ಸ್ಮಾರಕಕ್ಕೂ ಹೋಗಬಹುದು. ಅದನ್ನು ನಿಲ್ಲಿಸಲು ಮಾಸ್ಕೋದ ವಿರೋಧವಿತ್ತು, ಲಂಡನ್ನಿನ ಅಧಿಕಾರಿಗಳ ಅಳುಕೂ ಇತ್ತು; ಆ ಜಗಳ ಬೇರೆಯೇ ಚರ್ಚೆಗೆ ಯೋಗ್ಯವಾದದ್ದು.